ಅಕ್ಕನಿಗೆ ಸಿಕ್ಕ ಕಾಯಂ ವಾಸ

ಗಂಡ ತೀರಿಕೊಂಡ ಮೇಲೆ ನನ್ನ ಅಕ್ಕ ತಮಿಳುನಾಡಿನ ನಮ್ಮೂರು ಕೊಂಬೈಯಲ್ಲಿ ಮದುವೆ ಮನೆಗಳಿಗೆ ಅಡುಗೆ ಮಾಡಿಕೊಂಡು ಬದುಕುತ್ತಿದ್ದಳು. ಅವಳನ್ನು ಕೆನಡಾಕ್ಕೆ ಕರೆಸಿಕೊಂಡವರು ದೂರದ ನಂಟಿನಲ್ಲಿ ನಮಗೆ ಮಾಮ ಆಗಬೇಕಾದವರು. ಅಲ್ಲಿನ ಪೂರ್ವ ಕರಾವಳಿಯ ಒಂದು ಸಣ್ಣ ಊರಿನಲ್ಲಿ ಅವರ ಹೋಟೆಲಿತ್ತು. ಅಂಥ ಊರುಗಳಿಗೆ ಕೆಲಸದವರು ಸಿಗುವುದಿಲ್ಲವೆಂದು ಅಲ್ಲಿನ ಸರ್ಕಾರ ಬೇರೆಯದೇ ದಾರಿ ಮಾಡಿದೆ. ಮಾಲೀಕ ‘ಈ ಕೆಲಸದವಳು ನನಗೆ ಬೇಕು’ ಎಂದು ನಿಂತರೆ, ಅವಳು ಅಲ್ಲೇ ದುಡಿಯುತ್ತಿದ್ದರೆ, ಕಾಯಂ ವಾಸದ ಹಕ್ಕು, ಅಲ್ಲಿನವರ ಮಾತಿನಲ್ಲಿ ಪಿಆರ್, ಸಿಗುತ್ತದೆ. ಅವನು ಕೈಬಿಟ್ಟರೆ ಅಲ್ಲಿಗೆ ಮುಗಿಯಿತು.

ಅಪ್ಪ ಸತ್ತಾಗ ಅಕ್ಕನ ಅರ್ಜಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಮಾಮ ಮಾತ್ರ ಊರಲ್ಲೇ ಇದ್ದರು. ಕೊಂಬೈಯಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶಕ್ಕೆ ಬಂದಿದ್ದರು. ಕೆನಡಾದಲ್ಲಿ ಹೋಟೆಲನ್ನು ಅಕ್ಕನೊಬ್ಬಳೇ ನೋಡಿಕೊಳ್ಳುತ್ತಿದ್ದಳು. ನಾನು ವೇದಸಂದೂರಿನ ನೂಲಿನ ಗಿರಣಿಯಿಂದ ಬಸ್ಸು ಹಿಡಿದು ಹೋಗುವಷ್ಟರಲ್ಲಿ ಮಾಮ ಬಿಳಿ ವೇಷ್ಟಿ ಉಟ್ಟು ಅಂಗಳದಲ್ಲಿ ಎಲ್ಲರಿಗಿಂತ ಮುಂದೆ ಕೂತಿದ್ದರು.

“ಮಾಮಾ, ಅಕ್ಕನ್ನ ಬರಾಕ ಹೇಳಿ,” ಎಂದೆ.

“ಬರ್ಲಿ, ಯಾರು ಬ್ಯಾಡಾಂದೋರು? ಹೋಟ್ಲು ಮುಚ್ಚಿ ಓಡಿ ಬರೋಳ್ನ ನಂಗ ಬೇಕಂತ ನಾ ಯಾಕ ಬರ್ಕೊಡ್ಲಿ?”

ತಮ್ಮ ಫೋನಿನಲ್ಲೇ ಅಕ್ಕನನ್ನು ಕರೆದು ಅಪ್ಪನ ಮುಖ ತೋರಿಸಿದರು. ಅಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಅಕ್ಕ “ಅಪ್ಪಾ, ಅಪ್ಪಾ” ಎಂದು ಕೂಗಿದಳು. ಸುತ್ತ ಕೂತ ಹೆಂಗಸರ ಅಳು ಜೋರಾಯಿತು. ಮಾಮ ಫೋನನ್ನು ತಮ್ಮ ಕಡೆ ತಿರುಗಿಸಿಕೊಂಡರು.

“ಸರಿ ಸರಿ, ಅಳ್ಬ್ಯಾಡ. ಪರೋಟಕ್ಕ ಹಿಟ್ಟು ಕಲಸಿದ್ಯಾ?”

“ಕಲಸ್ದೆ ಮಾಮಾ,” ಎಂದಳು ಅಕ್ಕ.

ಮುಂದೆ ಅವಳಿಗೆ ಕಾಯಂ ವಾಸ ಸಿಕ್ಕಿತು. ಸಿಕ್ಕಿದ ವಾರವೇ ಮಾಮನ ಕೆಲಸ ಬಿಟ್ಟಳು. ಕೆಲವು ಕಾಲ ಬೇರೆಡೆ ದುಡಿದು, ಅದೇ ಊರಲ್ಲಿ ಸ್ವಂತ ಹೋಟೆಲು ತೆರೆದಳು. ಮಾಮನ ಗಿರಾಕಿಗಳು ಒಬ್ಬೊಬ್ಬರಾಗಿ ಅವಳ ಕಡೆ ಬಂದರಂತೆ. ಕೇಳಿ ನಾನು ಗಿರಣಿಯಲ್ಲಿ ಎಲ್ಲರಿಗೂ ಚಹಾ ಕುಡಿಸಿದೆ.

ಅಡುಗೆಗೆ ಜನ ಬೇಕಾದಾಗ ಅಕ್ಕ ನನ್ನ ಹೆಂಡತಿಯ ತಂಗಿಯನ್ನು ಕರೆಸಿಕೊಂಡಳು. ಆ ಹುಡುಗಿ ಚಿನ್ನಾಳಪಟ್ಟಿಯ ಸೀರೆ ಅಂಗಡಿಯಲ್ಲಿ ಕೆಲಸಕ್ಕಿದ್ದವಳು, ಕೈ ರುಚಿ ಚೆನ್ನಾಗಿತ್ತು. ದಿಂಡಿಗಲ್ಲಿನ ಹುಡುಗನೊಬ್ಬನ ಜೊತೆ ಅವಳ ಮದುವೆ ಗೊತ್ತಾಗಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಮೆಚ್ಚಿಕೊಂಡಿದ್ದರು. ಮುಹೂರ್ತ ಇಟ್ಟ ಮೇಲೆ ಅವಳಿಗೆ ರಜೆ ಕೇಳಲು ನಾನೇ ಅಕ್ಕನಿಗೆ ಫೋನು ಮಾಡಿದೆ.

“ಒಂದ್ ತಿಂಗ್ಳು ಕಳ್ಸಕ್ಕಾ. ಮದ್ವೆ ಮಾಡ್ಕೊಂಡು ಬತ್ತಾಳ.”

“ಕಳಿಸ್ತೀನಿ. ಆದ್ರ ಮತ್ತ ಕರ್ಸ್ಕಳಲ್ಲ.”

“ನೀನೇ ಇಂಗ ಅಂತ್ಯಾ? ಮಾಮ ನಿಂಗ ಏನ್ ಮಾಡಿದ್ರು, ಮರ್ತ್ಯಾ?”

“ಮರೀಲಿಲ್ಲಪ್ಪ. ಅವ್ರು ಅಂಗ ಬಿಗಿಯಾಗಿದ್ದಕ್ಕೇ ನಂಗ ಪಿಆರ್ ಸಿಕ್ತು. ಇಲ್ಲಾಂದ್ರ ಅಳ್ತಾ ಓಡಿ ಬಂದ್ಬುಡ್ತಿದ್ದೆ. ಇವತ್ತೂ ಕೊಂಬೈಲಿ ಯಾರ್ದೋ ಮದ್ವೆಗ ಅನ್ನ ಬೇಯಿಸ್ತಿದ್ದೆ.”

ಹುಡುಗಿ ಅಲ್ಲೇ ಉಳಿದಳು. ಗಂಡಿನ ಕಡೆಯವರು ಮುಹೂರ್ತ ಬಿಡಲಿಲ್ಲ. ಬೇರೆ ಹೆಣ್ಣು ತಂದು ಅದೇ ದಿನ ಮದುವೆ ಮುಗಿಸಿದರು. ಅದರ ಫೋಟೋ ಯಾರೋ ಅವಳಿಗೂ ಕಳಿಸಿದರು. ಆ ದಿನವೂ ಅವಳು ಕೆಲಸ ಮಾಡಿದಳೆಂದು ಅಕ್ಕ ನನಗೆ ಮೆಚ್ಚಿಕೊಂಡೇ ಹೇಳಿದಳು.

ಕಾಯಂ ವಾಸ ಕೈಗೆ ಬಂದದ್ದೇ ಹುಡುಗಿ ಹೇಳದೆ ಕೇಳದೆ ದೊಡ್ಡ ಊರೊಂದಕ್ಕೆ ಹೊರಟುಹೋದಳು. ಅಕ್ಕ ಕೂಡಲೇ ಫೋನು ಮಾಡಿದಳು.

“ಉಂಡ ಮನೆ ನೆನಪಿಲ್ಲ ಅವಳ್ಗ. ಬೇರೆ ಯಾರಾದ್ರೂ ನೋಡು. ಹಿಂದ ಮುಂದ ಯಾರೂ ಇಲ್ಲದೋಳಾದ್ರ ಒಳ್ಳೇದು. ಮದ್ವೆ, ಸಾವು ಅಂತ ರಜ ಕೇಳಲ್ಲ.”

ಪಕ್ಕದಲ್ಲೇ ಇದ್ದ ನನ್ನ ಹೆಂಡತಿ ಫೋನು ಕಿತ್ತುಕೊಂಡು ಕರೆ ಕತ್ತರಿಸಿದಳು.

ಆದರೂ ಅಕ್ಕನಿಗೆ ಕೆಲಸದವಳು ಬೇಕೆಂಬ ಸುದ್ದಿ ಹೇಗೋ ಹರಡಿತು. ಕೊಂಬೈಯಿಂದ ಇಬ್ಬರು ಹೆಂಗಸರು ನಮ್ಮ ಮನೆ ಹುಡುಕಿಕೊಂಡು ಬಂದರು. ಇಬ್ಬರಿಗೂ ಗಂಡನಿಲ್ಲ, ಮಕ್ಕಳಿಲ್ಲ. ಹೆಂಡತಿ ಅವರಿಗೆ ಕಾಫಿ ಕೊಟ್ಟು, ಎದುರು ಕೂತು, ನನ್ನ ಅಪ್ಪನ ಸಾವಿನಿಂದ ತನ್ನ ತಂಗಿಯ ಮುರಿದ ಮದುವೆಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಅವರು ಗಮನವಿಟ್ಟು ಕೇಳಿದರು.

ಕೊನೆಗೆ ಒಬ್ಬಾಕೆ ಲೋಟ ಕೆಳಗಿಟ್ಟು, “ಆ ಊರ್ನಾಗ ಚಳಿ ತಾಳಾಕ ಆಗ್ತದಾ ತಾಯೀ?” ಎಂದು ಕೇಳಿದಳು.