ಟಿಕೆಟ್ ಅಕ್ಕನ ಬಾಯಾರಿಕೆ

ಊರಿಗೆಲ್ಲ ಅವಳು ಟಿಕೆಟ್ ಅಕ್ಕ. ಬಸ್ ನಿಲ್ದಾಣದ ಮೂರನೇ ಕೌಂಟರಿನಲ್ಲಿ ಇಪ್ಪತ್ತಾರು ವರ್ಷದಿಂದ ಕೂತಿದ್ದಾಳೆ. ಕ್ಯೂನಲ್ಲಿ ಕಾಲು ಕೆರೆದು ಜಗಳಕ್ಕೆ ನಿಂತವರೂ ಅವಳ ಗಾಜಿನ ಮುಂದೆ ಬಂದರೆ ಮೆತ್ತಗಾಗುತ್ತಿದ್ದರು. ಅಂಥ ಜೀವ ಅದು. ಒಂದೇ ಒಂದು ಹುಚ್ಚು: ಕೆಲಸದ ಹೊತ್ತಿನಲ್ಲಿ ತೊಟ್ಟು ನೀರು ಮುಟ್ಟುತ್ತಿರಲಿಲ್ಲ. ಕುಡಿದರೆ ಏಳಬೇಕು, ಎದ್ದರೆ ಕೌಂಟರ್ ಮುಚ್ಚಬೇಕು, ಮುಚ್ಚಿದರೆ ಯಾರದೋ ಬಸ್ ತಪ್ಪುತ್ತದೆ. ಎಲಾ ಇವಳ ಲೆಕ್ಕಾಚಾರವೇ!

ಅದುಮಿಟ್ಟು ಅದುಮಿಟ್ಟು ಕೊನೆಗೆ ಬಾಯಾರಿಕೆ ಎಂಬುದೇ ಅವಳ ಮೈ ಬಿಟ್ಟು ಹೋಯಿತು. ಎರಡು ಸಲ ಕಿಡ್ನಿಯಲ್ಲಿ ಕಲ್ಲಾಗಿ ಆಸ್ಪತ್ರೆ ಸೇರಿದಳು. "ಮೂರನೇ ಸಲ ಆದ್ರೆ ಕಿಡ್ನಿ ಉಳಿಯಲ್ಲಮ್ಮ" ಎಂದರು ಡಾಕ್ಟರು. ತಂಗಿ ದಿನಾ ಕೊಟ್ಟು ಕಳಿಸುವ ನೀರಿನ ಬಾಟಲಿ ಮಾತ್ರ ಸಂಜೆ ತುಂಬಿದ ಹಾಗೇ ವಾಪಸ್ಸು.

"ಬೇಕು ಅಂತಾನೇ ಅನ್ಸಲ್ವೇ, ಏನ್ಮಾಡ್ಲಿ?"

"ನಿನ್ನ ಅನಿಸಿಕೆಗಿಷ್ಟು ಬೆಂಕಿ ಬೀಳ!" ಎನ್ನುವಷ್ಟರಲ್ಲಿ ತಂಗಿಗೆ ಅಳುವೇ ಬಂತು. ಭಾನುವಾರ "ಮೈ ಮಾತು ಕೇಳೋದು ಕಲಿಸ್ತಾರೆ, ಬಾ" ಎಂದು ಅಕ್ಕನ ರಟ್ಟೆ ಹಿಡಿದು, ತಾನು ಹೋಗುವ ಮೈ ಸಡಿಲಿಸುವ ಕುಣಿತದ ಕ್ಲಾಸಿಗೆ ಎಳೆದೊಯ್ದಳು.

ಅಲ್ಲಿ ಹೆಜ್ಜೆಯಿಲ್ಲ, ತಾಳವಿಲ್ಲ. "ಕಣ್ಣು ಮುಚ್ಚಿ. ಮೈ ಹೇಗೆ ಹೋಗ್ಬೇಕು ಅನ್ನುತ್ತೋ ಹಾಗೆ ಬಿಟ್ಬಿಡಿ" ಎಂದರು ಟೀಚರ್. ಒಬ್ಬರು ತೂಗಾಡಿದರು, ಒಬ್ಬರು ನೆಲದ ಮೇಲೆ ಉರುಳಿದರು. ಅಕ್ಕ ಕಂಬದ ಹಾಗೆ ನಿಂತಳು. ಸ್ವಲ್ಪ ಹೊತ್ತಿಗೆ ಅವಳ ಬಲಗೈ ತಾನಾಗಿ ಎದ್ದಿತು. ಹರಿ, ತಳ್ಳು. ಹರಿ, ತಳ್ಳು. ಅಯ್ಯೋ, ಇಲ್ಲೂ ಟಿಕೆಟ್ ಕೊಡುತ್ತಿದ್ದಾಳಲ್ಲ! ಕದ್ದು ನೋಡಿದ ತಂಗಿ ಕಿಸಕ್ಕೆಂದಳು.

ಟೀಚರ್ ನಗಲಿಲ್ಲ. "ಕೊಡ್ತಾನೇ ಇದೆಯಲ್ಲ ಈ ಕೈ. ಒಂದ್ಸಲ ನಿಮ್ಮ ಕಡೆ ಬರೋಕೆ ಬಿಡಿ, ನೋಡೋಣ."

ಕೈ ಅರ್ಧದಲ್ಲಿ ತಡವರಿಸಿತು. ಆಮೇಲೆ ಮೆಲ್ಲಗೆ ತಿರುಗಿ, ಎದೆ ದಾಟಿ, ಗಂಟಲ ಮೇಲೆ ಬಂದು ಕೂತಿತು. ಅಕ್ಕ ನುಂಗಲು ನೋಡಿದಳು. ಬಾಯಲ್ಲಿ ಉಗುಳೇ ಇರಲಿಲ್ಲ.

"ಏನಾಯ್ತಕ್ಕಾ?" ತಂಗಿ ಓಡಿ ಬಂದಳು.

"ಬಾಯಾರ್ತಿದೆ ಕಣೇ!" ಅಕ್ಕ ಅಳುತ್ತಲೇ ನಗುತ್ತಿದ್ದಳು. ಮೂರು ಲೋಟ ನೀರು ಗಟಗಟನೆ ಇಳಿಯಿತು.

ಸೋಮವಾರ ಹನ್ನೊಂದು ಗಂಟೆಗೆ ಕ್ಯೂನಲ್ಲಿ ಹದಿನಾಲ್ಕು ಜನ. ಟಿಕೆಟ್ ತಳ್ಳುತ್ತಿದ್ದ ಕೈ ಗಂಟಲಿಗೆ ಹೋಯಿತು. ಅಕ್ಕ ರಟ್ಟಿನ ಮೇಲೆ 'ಐದು ನಿಮಿಷ' ಎಂದು ಬರೆದು ಗಾಜಿಗೆ ಒರಗಿಸಿದಳು.

"ಏನಕ್ಕಾ, ನನ್ನ ಬಸ್ ಹೋಗುತ್ತೆ!"

"ಹಿಂದೇನೇ ಇನ್ನೊಂದು ಬರುತ್ತಪ್ಪ" ಎಂದು ಬಾಟಲಿ ಹಿಡಿದು ಎದ್ದಳು.

ಸಂಜೆ ತಂಗಿ ಆ ಬಾಟಲಿಯನ್ನು ತಲೆಕೆಳಗು ಮಾಡಿದಳು. ಹನಿಯೂ ಬೀಳಲಿಲ್ಲ.

"ಎಲ್ಲೂ ಚೆಲ್ಲಿಲ್ಲ ತಾನೇ?"

"ಥೂ, ಹೋಗೇ! ಇನ್ನೊಂದು ಲೋಟ ಕೊಡು ಇಲ್ಲಿ" ಎಂದು ಅಕ್ಕ ಕೈ ಚಾಚಿದಳು.