ದಪ್ಪ ತಂತಿ, ತೆಳು ತಂತಿ

ಆ ವರ್ಷ ಗಣೇಶನ ಹಬ್ಬಕ್ಕೆ ನಮ್ಮ ಆರ್ಕೆಸ್ಟ್ರಾದಲ್ಲಿ ನಾನು ಬಾಸ್ ಗಿಟಾರ್ ನುಡಿಸುತ್ತಿದ್ದೆ. ೨೦೧೪ ಇರಬೇಕು, ೧೫ ಎಂದು ಯಾರಾದರೂ ಹೇಳಿದರೆ ವಾದಿಸಲಾರೆ. ಪ್ರತಿ ಶನಿವಾರ ಅಮೆರಿಕದ ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಿಂದ ಹತ್ತಿರದ ಕಾಪೆಲ್‌ಗೆ ಡ್ರೈವ್ ಮಾಡಿ, ಧಾರವಾಡದ ಡಾಕ್ಟರೊಬ್ಬರ ಗರಾಜಿನಲ್ಲಿ ಅಭ್ಯಾಸ. ಹಾಡುವವರೂ ಅವರೇ.

ಅವರ ಷಡ್ಜ, ಬೆರಳೊತ್ತದೆ ಬಿಟ್ಟ ತಂತಿಯಲ್ಲೇ ಬರಬೇಕು ಎಂದು ನಾನು ನಾಲ್ಕೂ ತಂತಿಗಳನ್ನು ಶ್ರುತಿಗೆ ಇಳಿಸಿದೆ. ತಂಬೂರಿಯ ಪಕ್ಕದಲ್ಲಿ ಬೆಳೆದವನ ಬುದ್ಧಿ ಅದು. ನನ್ನವು ತೆಳು ತಂತಿಗಳು. ಸಡಿಲವಾದೊಡನೆ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗಳಿಗೆ, ಫ್ರೆಟ್‌ಗಳಿಗೆ, ಬಡಿದು ಝರ್ ಎನ್ನತೊಡಗಿದವು. ಡಾಲಸ್‌ನ ಅಂಗಡಿಗೆ ಹೋಗಿ ಸಿಕ್ಕಿದ್ದರಲ್ಲಿ ಅತಿ ದಪ್ಪನೆಯ ಸೆಟ್ ತಂದೆ. ಇಳಿಸಿದ ಶ್ರುತಿಗೆ ಅದು ಸರಿಯಾಗಿಯೇ ಇತ್ತು. ಆದರೆ ಬೇರೆ ಶ್ರುತಿಯ ಉಳಿದ ಹಾಡುಗಳಿಗೆ ಮತ್ತೆ ಬಿಗಿ ಮಾಡಬೇಕು. ಬಿಗಿದ ದಪ್ಪ ತಂತಿಯನ್ನು ಒತ್ತುವುದು ಕಬ್ಬಿಣದ ಸರಳು ಒತ್ತಿದಂತೆ. ಮೂರನೆಯ ವಾರಕ್ಕೆ ಎಡಗೈಯ ನಡುಬೆರಳು ಮಡಚಿದರೆ ಬಿಡಿಸಿಕೊಳ್ಳುತ್ತಿರಲಿಲ್ಲ. ಹಬ್ಬಕ್ಕೆ ಎರಡು ವಾರವಿತ್ತು. ನಾನು ಬಿಟ್ಟರೆ ಬಾಸ್‌ಗೆ ಬೇರೆ ಯಾರೂ ಇರಲಿಲ್ಲ, ಬಿಡುವ ಮನಸ್ಸೂ ಇರಲಿಲ್ಲ.

ಹಾಡಿನ ನಡುವೆ ನಾನು ಬಲಗೈಯಿಂದ ಆ ಬೆರಳನ್ನು ಎಳೆದು ಬಿಡಿಸುವುದನ್ನು ಡಾಕ್ಟರ್ ನೋಡಿಬಿಟ್ಟರು. ಕೈ ಹಿಡಿದು, ಬೆರಳಿನ ಬುಡ ಒತ್ತಿ, ಇದು ಯಾವಾಗಿನಿಂದ ಎಂದು ಕೇಳಿದರು. ಬಿಟ್ಟ ತಂತಿಯಲ್ಲಿ ಷಡ್ಜ ಬೇಕೆಂದು ನೀವೇ ಅಂದಿದ್ದಿರಿ ಎಂದೆ.

"ನಾ ಯಾವಾಗ ಹಂಗ ಅಂದೀನ್ರಿ? ಬಿಟ್ಟ ತಂತಿ ಛಲೋ ಕೇಳಸ್ತದ ಅಂದಿರಬೇಕು, ಅಷ್ಟ. ಷಡ್ಜ ಎಲ್ಲೆರ ಒತ್ತಿ ನುಡಸ್ರಿ, ನನಗ ಕೇಳಿದ್ರ ಸಾಕು. ಮೊದಲ ಈ ಹಗ್ಗ ಬಿಚ್ಚಿ ತೆಳ್ಳಂದು ಹಾಕ್ರಿ. ಇಲ್ಲಾಂದ್ರ ಹಬ್ಬ ಆದ ಮ್ಯಾಲೆ ನನ್ನ ಕ್ಲಿನಿಕ್ಕಿಗೇ ಬರ್ತೀರಿ."

ಷಡ್ಜದ ಆ ಮಾತನ್ನು ಅವರು ಹಿಂದೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ: ನಿಂತಿದ್ದ ಜಾಗ, ಕೈಯಲ್ಲಿದ್ದ ಚಹಾದ ಲೋಟ, ಎಲ್ಲ. ಆದರೆ ಗರಾಜಿನಲ್ಲಿ ಯಾರಿಗೂ ಅದು ನೆನಪಿರಲಿಲ್ಲ. ಅಷ್ಟು ಸ್ಪಷ್ಟವಾಗಿರುವುದೇ ಈಗ ಅನುಮಾನ ಹುಟ್ಟಿಸುತ್ತದೆ. ಅಂದು ವಾದಿಸುವಷ್ಟು ಶಕ್ತಿ ಇರಲಿಲ್ಲ. ಅಲ್ಲೇ ಕೂತು ತಂತಿ ಬಿಚ್ಚಿದೆ.

ತೆಳು ತಂತಿ ಹಾಕಿ, ಮಾಮೂಲಿನ ಶ್ರುತಿಯಲ್ಲಿಟ್ಟು, ಬೆರಳಿನ ಜಾಗಗಳನ್ನು ಹೊಸದಾಗಿ ಕಲಿತೆ. ಹಬ್ಬದ ದಿನ ಆರು ಹಾಡುಗಳಲ್ಲಿ ನಾಲ್ಕಕ್ಕೆ ನುಡಿಸಿದೆ. ಉಳಿದೆರಡಕ್ಕೆ ಬೆರಳು ಮತ್ತೆ ಸಿಕ್ಕಿಕೊಂಡಿತು. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತೆ. ಬಾಸ್ ನಿಂತದ್ದು ಸಭೆಯಲ್ಲಿ ಯಾರಿಗೂ ತಿಳಿದಂತೆ ಕಾಣಲಿಲ್ಲ.