ಸಾವಯವ ಹೊಲದ ಪಕ್ಕದ ಹೊಲ

ಸಾವಯವ ಕೃಷಿ ಕೆಲವೇ ಊರುಗಳಲ್ಲಿ ಏಕೆ ಗುಂಪುಗೂಡುತ್ತದೆ ಎಂದು ಯಾರಾದರೂ ಕೇಳಿದರೆ, ಮೊದಲೆಲ್ಲ ನಾನು ಮಣ್ಣು, ಮಳೆ, ಮಾರುಕಟ್ಟೆ ಎಂದು ಅರ್ಧ ಗಂಟೆ ಮಾತಾಡುತ್ತಿದ್ದೆ. ಕೇಳಿದವರು ಪಾಪ, ತಲೆಯಾಡಿಸುತ್ತಿದ್ದರು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಸಾವಯವ ಹೊಲಗಳ ತಪಾಸಣೆ ನನ್ನ ಕೆಲಸ. ನಕಾಶೆಯಲ್ಲಿ ಹೊಲಕ್ಕೊಂದು ಹಸಿರು ಚುಕ್ಕೆ ಇಡುತ್ತೇನೆ. ನೆಲೋಗಿಯ ಕಡೆ ಒಂದೋ ಎರಡೋ ಚುಕ್ಕೆ; ನಿಂಬರ್ಗಾದಲ್ಲಿ ಹೆಸರುಕಾಳು ಚೆಲ್ಲಿದ ಹಾಗೆ. ಎರಡೂ ಕಡೆ ಅದೇ ಎರೆಮಣ್ಣು ಎಂಬುದು ನನ್ನ ಭಾಷಣಕ್ಕೆ ಎಂದೂ ಅಡ್ಡ ಬರಲಿಲ್ಲ.

ಭಾಷಣ ನಿಲ್ಲಿಸಿದವರು ನಿಂಬರ್ಗಾದ ಶಾಂತಾಬಾಯಿ. ಮೂರು ವರ್ಷ ರಾಸಾಯನಿಕ ಸೋಕಿಸದೆ ತೊಗರಿ ಬೆಳೆದಿದ್ದರು. ಅದು ಸಾವಯವ ಪ್ರಮಾಣಪತ್ರ ಸಿಗಬೇಕಾದ ವರ್ಷ. ನಾನು ಹೋದ ದಿನವೇ ಪಕ್ಕದ ಹೊಲದ ಮಹಿಬೂಬಸಾಬ್ ಎಣ್ಣೆ ಹೊಡೆಯುತ್ತಿದ್ದರು. ಇಲ್ಲಿ ಕೀಟನಾಶಕಕ್ಕೆ ಎಣ್ಣೆ ಎಂದೇ ಹೆಸರು. ಗಾಳಿ ನೇರ ಇತ್ತ ಕಡೆಗೆ. ನಾನು ಪೆನ್ನು ಮುಚ್ಚಿದೆ.

“ಈ ವರ್ಷ ಆಗಂಗಿಲ್ರಿ” ಎಂದೆ.

ಶಾಂತಾಬಾಯಿ ಸೆರಗು ಮೂಗಿಗೆ ಹಿಡಿದರು. ಆಮೇಲೆ ಬದು ದಾಟಿ ನಡೆದೇಬಿಟ್ಟರು. ಜಗಳ ಬಿಡಿಸಬೇಕಾದೀತೆಂದು ನಾನೂ ಹಿಂದೆ ಓಡಿದೆ.

“ಅಣ್ಣಾ, ನಿನ್ನ ಎಣ್ಣಿ ನನ್ನ ಹೊಲಕ್ಕ ಬರಾಕತ್ತದ. ಮೂರು ವರ್ಷದ್ದು ನೀರಾಗ ಹೋತು ನೋಡು.”

ಮಹಿಬೂಬಸಾಬ್ ಬೆನ್ನಿನ ಪಂಪು ಇಳಿಸಿದರು. ಮುಖ ಸಪ್ಪಗಾಗಿತ್ತು. “ಗೊತ್ತಾಗ್ಲಿಲ್ಲ ತಂಗೀ. ಖರೇ ಹೇಳ್ತೇನಿ, ಹುಳ ಬಿದ್ದದ. ಬಿಟ್ರ ಕಾಯಿ ಎಲ್ಲಾ ತಿಂತಾವ. ನಾ ಏನ್ ಮಾಡ್ಲಿ?”

“ನಾಳಿ ಮುಂಜಾನಿ ನಾವು ಬರ್ತೇವಿ. ಗಿಡ ಅಲ್ಲಾಡಿಸಿ ಹುಳ ಉದುರಿಸೋಣು.”

ಮರುದಿನ ಶಾಂತಾಬಾಯಿಯ ಜೊತೆ ಐದಾರು ಹೆಂಗಸರು ಬಂದು, ಎಣ್ಣೆ ಬೀಳದ ಗಿಡಗಳ ಬುಡಕ್ಕೆ ತಾಡಪತ್ರಿ, ಅಂದರೆ ಟಾರ್ಪಾಲು, ಹಾಸಿದರು. ನೋಡಲು ಹೋದ ನನ್ನನ್ನೂ ಬಿಡಲಿಲ್ಲ. “ಸಾವಕಾಶ್ರಿ ಸಾಹೇಬ್ರ, ಹುಳ ಉದುರಬೇಕು, ಹೂವಲ್ಲ” ಎಂದು ಶಾಂತಾಬಾಯಿ ಗದರಿದರು. ಉದುರಿದ ಹುಳಗಳು ಮಹಿಬೂಬಸಾಬರ ಮನೆಯ ಕೋಳಿಗಳಿಗೆ ಹಬ್ಬದೂಟವಾದವು.

ಆ ವರ್ಷ ಪ್ರಮಾಣಪತ್ರ ಕೊಡುವ ಹಾಗಿರಲಿಲ್ಲ, ಕೊಡಲಿಲ್ಲ. ಶಾಂತಾಬಾಯಿ ನನ್ನ ವರದಿಗೆ ತಕರಾರಿಲ್ಲದೆ ಸಹಿ ಹಾಕಿದ್ದು ಇವತ್ತಿಗೂ ಚುಚ್ಚುತ್ತದೆ. ಆದರೆ ಮುಂದಿನ ಹಂಗಾಮಿನಲ್ಲಿ ಮಹಿಬೂಬಸಾಬ್ ಪಂಪು ಹೊರಗೆ ತೆಗೆಯಲಿಲ್ಲ. ಅಷ್ಟೇ ಅಲ್ಲ, ನನ್ನನ್ನು ಹುಡುಕಿಕೊಂಡು ಬಂದು ದೂರಿದರು: “ಆ ಬಾಜೂ ಹೊಲದ ಶರಣಪ್ಪ ಎಣ್ಣಿ ಹೊಡಿಯಾಕತ್ತಾನ್ರಿ. ನನ್ನ ಹೊಲ ಕೆಡ್ತದ!”

ಶರಣಪ್ಪನ ಹೊಲಕ್ಕೂ ತಾಡಪತ್ರಿ ಹೋಯಿತು. ಅವನ ಪಕ್ಕದವನ ಹೊಲಕ್ಕೂ. ಚುಕ್ಕೆಗಳು ಒಂದಕ್ಕೊಂದು ಅಂಟಿಕೊಂಡದ್ದು ಹೀಗೆ. ಶಾಂತಾಬಾಯಿಯ ಪ್ರಮಾಣಪತ್ರವನ್ನು, ತಡವಾಗಿಯಾದರೂ, ನಾನೇ ಒಯ್ದು ಕೊಟ್ಟೆ.

ಹೋದ ವಾರ ಘತ್ತರಗಿಯ ರೈತರೊಬ್ಬರು ಅರ್ಜಿ ಹಿಡಿದು ಬಂದರು. “ಬಾಜೂ ಹೊಲದವರ ಜೋಡಿ ಮಾತುಕತಿ ಅದ ಏನ್ರಿ?” ಎಂದೆ.

ಅವರು ಅರ್ಜಿ ಮಡಿಚಿ ಜೇಬಿಗಿಟ್ಟುಕೊಂಡರು. “ಮೊದಲ ಅಂವನ ಮನಿಗಿ ಹೋಗಿ ಬರ್ತೇನ್ರಿ.”